ಸುಜಾತಾ ಫೋನು ಬಿಡದ ಮಳೆಗಾಲ

ಕಳೆದ ತಿಂಗಳು ಹಾನಗಲ್ಲಿನಿಂದ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಹುಡುಗಿ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕುಳಿತಿದ್ದಳು. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಇರಿಚಲು ಬಡಿದು ಚೀಲ ನೆನೆಯಿತು. ಅವಳು ಗಾಬರಿಯಿಂದ ಬಿಚ್ಚಿ ನೋಡಿದಳು. ಒಳಗೆ ಮಡಿಕೆ ಮುರಿಯದ ಹೊಸ ಸೀರೆಗಳಿದ್ದವು. ಗಂಜಿ ಹಾಕಿದ ಹೊಸ ಸೀರೆಗೆ ಮಳೆಹನಿ ಬಿದ್ದಾಗ ಬರುವ ಆ ವಾಸನೆಯನ್ನು ನಾನು ಒಂದು ಇಡೀ ಮಳೆಗಾಲ ಉಸಿರಾಡಿದ್ದೆ. ಇಳಿಯುವ ಊರು ಬಂದರೂ ಎದ್ದೇಳಲು ಮನಸ್ಸಾಗಲಿಲ್ಲ.

ಆಗ ನಾನು ಶಿಗ್ಗಾವಿಯ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಸವಣೂರಿನ ಮನೆಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಅಜ್ಜ ಸಂಸ್ಕೃತ ಪಾಠ ಹೇಳುತ್ತಿದ್ದ ಮನೆ ಅದು. ಅಜ್ಜ ಹೋದ ಮೇಲೆ ಪಾಠ ನಿಂತಿತ್ತು, ಮಡಿ ಮಾತ್ರ ನಿಂತಿರಲಿಲ್ಲ. ಅಪ್ಪ ವಕೀಲರು, ಅಮ್ಮ ಹೈಸ್ಕೂಲಿನಲ್ಲಿ ಟೀಚರು. ಆದರೂ ಮನೆಯಲ್ಲಿ ನಡೆಯುತ್ತಿದ್ದುದು ಅಪ್ಪನ ಅಕ್ಕ ಪದ್ಮತ್ತೆಯ ಮಾತು. ಯಾರು ಎಲ್ಲಿಯವರೆಗೆ ಬರಬೇಕು, ಯಾರಿಗೆ ಯಾವ ಲೋಟದಲ್ಲಿ ನೀರು ಎಂಬುದನ್ನೆಲ್ಲ ಅವಳು ಗದ್ದಲ ಮಾಡದೆ, ಕಣ್ಣಿನಲ್ಲೇ ತೀರ್ಮಾನಿಸುತ್ತಿದ್ದಳು.

ಅದೇ ವರ್ಷ ಧಾರವಾಡದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ಫೋನಿನಿಂದ ರೊಕ್ಕ ಕೊಡುವುದನ್ನು ಒಮ್ಮೆ ಕಲಿತ ಹರೆಯದವರು ಅದನ್ನು ಯಾಕೆ ಬಿಡುವುದಿಲ್ಲ ಎಂಬುದೇ ನನ್ನ ವಿಷಯ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ತಿರುಗಿ ಹುಡುಗ ಹುಡುಗಿಯರನ್ನು ಕೇಳಬೇಕಿತ್ತು. ಉತ್ತರಕ್ಕೆ ನನ್ನ ಮಾರ್ಗದರ್ಶಕರು ಐದು ಆಯ್ಕೆ ಹಾಕಿಕೊಟ್ಟಿದ್ದರು: ಸುಲಭ, ಬೇಗ, ಸುರಕ್ಷಿತ, ಗೆಳೆಯರೂ ಬಳಸುತ್ತಾರೆ, ರಿಯಾಯಿತಿ ಸಿಗುತ್ತದೆ. ಒಂದಕ್ಕೆ ಗುರುತು ಹಾಕಿಸಿಕೊಂಡು ಬಂದರೆ ಸಾಕು ಎಂದಿದ್ದರು.

ಒಬ್ಬಳೇ ಹೇಗೆ ತಿರುಗಲಿ ಎಂದು ಯೋಚಿಸುತ್ತಿದ್ದಾಗ ಎರಡನೇ ವರ್ಷದ ಸುಜಾತಾ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ರಜಾ ದಿನಾ ನಾನೂ ಆ ಕಡೀಗೇ ಹೋಗ್ತೇನ್ರಿ, ಸೀರಿ ಮುಟ್ಟಸಾಕ. ಜೋಡಿಲೇ ಹೋಗೂಣೇನ್ರಿ?"

ಸುಜಾತಾ ಹಿರೇಬೆಂಡಿಗೇರಿಯವಳು. ಅಪ್ಪ ನಾಗಪ್ಪನಿಗೆ ಸ್ವಲ್ಪ ಹೊಲ. ಅವ್ವ ಶಾಂತವ್ವ ತಮ್ಮ ಹೊಲದ ಕೆಲಸ ಮುಗಿದ ಮೇಲೆ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಅಜ್ಜನ ಕಾಲದಲ್ಲೇ ಬೌದ್ಧ ಧರ್ಮ ಸ್ವೀಕರಿಸಿದ ಮನೆತನ. ಪಡಸಾಲೆಯಲ್ಲಿ ಬುದ್ಧನ ಪಟವೊಂದನ್ನು ಬಿಟ್ಟರೆ ಮತ್ತಾವ ದೇವರ ಪಟವೂ ಇರಲಿಲ್ಲ. ಸುಜಾತಾ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಸೆರಗಿನ ತುದಿಯ ಎಳೆಗಳಿಗೆ ರೇಷ್ಮೆ ದಾರ, ಮಣಿ ಸೇರಿಸಿ ಸಾಲು ಗೊಂಡೆ ಮಾಡುವ ಕೆಲಸ. ಹೊಸ ಮಾದರಿಗಳನ್ನು ಫೋನಿನಲ್ಲಿ ನೋಡಿ ಕಲಿತು, ಕಟ್ಟಿದ್ದರ ಫೋಟೋ ಫೋನಿನಲ್ಲೇ ಕಳಿಸಿ ಗಿರಾಕಿಗಳನ್ನು ಹಿಡಿದಿದ್ದಳು. ಬಸ್ ಪಾಸು, ಕಾಲೇಜಿನ ಫೀ ಅದರಿಂದಲೇ ನಡೆಯುತ್ತಿತ್ತು. ಮಿಕ್ಕಿದ್ದನ್ನು ಸೀರೆಯ ಅಂಚು ಹೊಲಿಯುವ ಪಿಕೋ ಮಷಿನ್ ಕೊಳ್ಳಲು ಕೂಡಿಡುತ್ತಿದ್ದಳು. ಮಷಿನ್ ಬಂದರೆ ಮನೆಯಲ್ಲೇ ಅಂಗಡಿ ಇಟ್ಟು, ಮುಂದೆ ಎಂ.ಕಾಂ. ಓದುವ ಲೆಕ್ಕಾಚಾರ ಅವಳದು.

ಹೀಗೆ ಜೂನಿನಲ್ಲಿ ಮಿರಗದ ಮಳೆ ಹಿಡಿದ ಹೊತ್ತಿಗೆ ನಮ್ಮ ತಿರುಗಾಟ ಶುರುವಾಯಿತು. ಶಿಗ್ಗಾವಿಯ ಕಡೆ ಗೋವಿನಜೋಳ ಆಗಷ್ಟೇ ಎರಡೆಲೆ ಒಡೆದಿತ್ತು. ಹಾನಗಲ್ಲಿನ ಕಡೆ ಹೋದಂತೆ ಗದ್ದೆಗಳಲ್ಲಿ ನೀರು ನಿಂತು, ಬಸ್ಸಿನ ನೆರಳು ನೀರಿನಲ್ಲಿ ಓಡುತ್ತಿತ್ತು. ಸುಜಾತಾ ಸೀರೆ ಕೊಟ್ಟು ಬರುವಷ್ಟರಲ್ಲಿ ನಾನು ಬಸ್ ಸ್ಟ್ಯಾಂಡಿನಲ್ಲೋ ಚಾದಂಗಡಿಯಲ್ಲೋ ಹುಡುಗರನ್ನು ಹಿಡಿದು ಕೇಳುತ್ತಿದ್ದೆ.

ಐದು ಆಯ್ಕೆಗಳನ್ನು ಓದಿ ಹೇಳಿದರೆ ಎಲ್ಲರೂ "ಸುಲಭ ಅಂತ ಹಾಕ್ಕೊಳ್ರಿ" ಎನ್ನುತ್ತಿದ್ದರು. ನಿಜವಾದ ಮಾತು ಬರುತ್ತಿದ್ದುದು ನಾನು ಪೆನ್ನು ಮುಚ್ಚಿದ ಮೇಲೆ. ಅಕ್ಕಿಆಲೂರಿನ ಸಂತೆಯಲ್ಲಿ ಸಿಕ್ಕ ರೈಸ್‌ಮಿಲ್ಲಿನ ಹುಡುಗ ನಗುತ್ತ, "ಕಿಸೆದಾಗ ನೋಟು ಇದ್ರ ದೋಸ್ತ್ರಿಗೆ ಕಾಣತೈತ್ರಿ. ಫೋನಿನ್ಯಾಗ ಇದ್ರ ಯಾರಿಗೂ ಕಾಣಂಗಿಲ್ಲ, ಉಳೀತೈತಿ" ಎಂದ. ಹುಲಗೂರಿನ ದರ್ಗಾದ ಹತ್ತಿರ ಹೂ ಮಾರುವ ಹುಡುಗಿಗೆ ಕೈಯೆಲ್ಲ ಹಸಿ. "ನೋಟು ಮುಟ್ಟಿದ್ರ ನೋಟೂ ಹಸಿ, ಹರದಬಿಡ್ತಾವ. ಅವರಽ ಸ್ಕ್ಯಾನ್ ಮಾಡ್ಕೋತಾರ, ನನ್ನ ಕೈ ಹೂವಿನ್ಯಾಗಽ ಇರ್ತಾವ" ಎಂದಳು. ಹಿರೇಕೆರೂರಿನ ಹಾಸ್ಟೆಲಿನ ಹುಡುಗಿಯೊಬ್ಬಳ ಮಾತು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಅವಳ ಅವ್ವ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಳು.

"ಅವ್ವಗ ಮಾತಾಡಾಕ ಪುರುಸೊತ್ತ ಇರಂಗಿಲ್ರಿ. ಸಂಜೀಕ ಒಂದೀಟು ರೊಕ್ಕ ಹಾಕ್ತಾಳ. ಟಣ್ ಅಂತ ಸಪ್ಪಳ ಬಂತಂದ್ರ, ಅವ್ವ ಕೆಲಸ ಮುಗಿಸಿ ಆರಾಮ ಮನಿಗೆ ಬಂದಾಳ ಅಂತ ತಿಳ್ಕೋತೇನಿ."

ಇದಕ್ಕೆ ಯಾವ ಆಯ್ಕೆಯ ಮುಂದೆ ಗುರುತು ಹಾಕಲಿ? ಅಂದಿನಿಂದ ಪ್ರಶ್ನೆಗಳನ್ನು ಓದುವುದು ಬಿಟ್ಟು, ಚಾ ಹೇಳಿ ಸುಮ್ಮನೆ ಕೂಡುವುದನ್ನು ಕಲಿತೆ.

ಒಂದು ಭಾನುವಾರ ಸುಜಾತಾ ಸವಣೂರಿಗೆ, ನಮ್ಮ ಮನೆಗೇ ಬಂದಳು. ನೆಂಟರ ಮದುವೆಗೆಂದು ಪದ್ಮತ್ತೆಯ ಸೀರೆಯೊಂದಕ್ಕೆ ಕುಚ್ಚು ಕಟ್ಟಿಸಿದ್ದೆ. ಪದ್ಮತ್ತೆ ಸೆರಗನ್ನು ಬೆಳಕಿಗೆ ಹಿಡಿದು ನೋಡಿ, "ಎಷ್ಟು ನಾಜೂಕು ಅದ! ಯಾರು ಕಲಿಸ್ಯಾರವಾ ನಿನಗ?" ಎಂದು ಮನಸಾರೆ ಹೊಗಳಿದಳು. ಆಮೇಲೆ ಒಳಗಿನಿಂದ ರೊಕ್ಕ ತಂದು ಹೊರಕಟ್ಟೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ತಗೋವಾ" ಎಂದಳು. ಬೇಕೆಂದು ಮಾಡಿದ್ದಲ್ಲ. ಕೈ ತಾನಾಗಿ ಹಾಗೆ ಮಾಡಿತ್ತು.

ಸುಜಾತಾ ಕಟ್ಟೆಯ ಕಡೆ ನೋಡಲಿಲ್ಲ. ನಗುನಗುತ್ತಲೇ, "ಫೋನಿಗೆ ಹಾಕಿಸ್ರೆಮ್ಮಾ, ನನ್ನ ಹಂತ್ಯಾಕ ಚಿಲ್ಲರ ಇಲ್ಲ" ಎಂದಳು. ನಾನು ನನ್ನ ಫೋನಿನಿಂದ ಹಾಕಿದೆ. ಪದ್ಮತ್ತೆ ನೋಟುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಬಸ್ ಸ್ಟ್ಯಾಂಡಿನವರೆಗೆ ಬಿಡಲು ಸುಜಾತಾಳ ಜೊತೆ ನಡೆದೆ. ಎಲೆಬಳ್ಳಿಯ ತೋಟದ ಬೇಲಿ ದಾಟುವಾಗ ಅವಳೇ ಬಾಯಿ ತೆರೆದಳು.

"ನಾ ಸಣ್ಣಾಕಿದ್ದಾಗ ಅವ್ವನ ಜೋಡಿ ಪಗಾರ ಇಸ್ಕೊಳ್ಳಾಕ ಹೋಗ್ತಿದ್ನಿರಿ, ಒಬ್ರ ಹೊಲದ ಮನಿಗೆ. ಅವ್ವ ಬೊಗಸಿ ಒಡ್ಡಿ ನಿಂದರತಿದ್ಲು. ಅವ್ರು ಮ್ಯಾಲಿಂದ ಬಿಡ್ತಿದ್ರು, ಕೈ ತಾಗಬಾರದು ಅಂತ. ಅವ್ವನ ಬೊಗಸಿಯಿಂದ ಒಂದ್ ರೂಪಾಯಿ ಸೈತ ಕೆಳಗ ಬೀಳ್ತಿರಲಿಲ್ಲ. ಅಷ್ಟು ರೂಢಿ ಆಗಿತ್ತು ಆಕೀಗೆ."

ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

"ಫೋನಿನ್ಯಾಗ ರೊಕ್ಕ ಮ್ಯಾಲಿಂದ ಬೀಳಂಗಿಲ್ರಿ ಮೇಡಂ. ನೀವು ಎಲ್ಲಾರ್ನೂ ಕೇಳ್ತೀರಲ್ಲ, ಯಾಕ ಬಿಡಂಗಿಲ್ಲ ಅಂತ? ನಾ ಇದಕ್ಕಽ ಬಿಡಂಗಿಲ್ಲ."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯಿಂದ ಕೈ ಬೀಸಿದಳು. ನಾನು ಮನೆಗೆ ಬರುವಾಗ ಬೇಕೆಂದೇ ದೂರದ ದಾರಿ ಹಿಡಿದೆ.

ಶ್ರಾವಣ ಹತ್ತಿರ ಬಂದಂತೆ ಅವಳ ಕೆಲಸ ಹೆಚ್ಚಿತು. ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ ಹೊಸ ಸೀರೆ, ಹೊಸ ಸೀರೆಗೆ ಕುಚ್ಚು. ಕ್ಲಾಸಿನಲ್ಲಿ ಕುಳಿತಾಗಲೂ ಅವಳ ಬೆರಳು ಗಂಟು ಹಾಕುವ ಹಾಗೆ ಆಡುತ್ತಿದ್ದವು. ಮಷಿನಿಗೆ ಬೇಕಾದ ರೊಕ್ಕ ಹೆಚ್ಚುಕಡಿಮೆ ಕೂಡಿತ್ತು. ಆ ದಿನಗಳಲ್ಲೇ ಅದು ನಡೆಯಿತು.

ಅಕ್ಕಿಆಲೂರಿನಿಂದ ಬರುವ ಬಸ್ಸಿನಲ್ಲಿದ್ದೆವು. ಹೊರಗೆ ಜೋರು ಮಳೆ. ನಾನು ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರ ಜೊತೆ ಮಾತಾಡುತ್ತಿದ್ದೆ. ಮುಂದೆ ಕುಳಿತಿದ್ದ ಸುಜಾತಾಗೆ ಫೋನು ಬಂತು. ಯಾವುದೋ ಶಾಲೆಯ ಟೀಚರುಗಳಿಗೆಲ್ಲ ಒಂದೇ ಬಣ್ಣದ ಸೀರೆ, ಎಲ್ಲಕ್ಕೂ ಕುಚ್ಚು ಬೇಕು, ಮುಂಗಡ ಈಗಲೇ ಹಾಕುತ್ತೇವೆ ಎಂದರಂತೆ. ಸ್ಕ್ಯಾನ್ ಮಾಡುವ ಒಂದು ಚಿತ್ರ ಕಳಿಸಿ, ಇದನ್ನು ತೆರೆದು ನಿಮ್ಮ ಪಿನ್ ನಂಬರು ಒತ್ತಿದರೆ ರೊಕ್ಕ ನಿಮ್ಮ ಖಾತೆಗೆ ಬರುತ್ತದೆ ಎಂದರಂತೆ. ಮಳೆಯ ಸದ್ದು, ಬಸ್ಸಿನ ಕುಲುಕಾಟ, ಅಷ್ಟು ದೊಡ್ಡ ಕೆಲಸ ಸಿಕ್ಕ ಹಿಗ್ಗು. ಅವಳು ಒತ್ತಿಬಿಟ್ಟಳು.

ನಾನು ಮುಂದೆ ಬಂದಾಗ ಅವಳು ಫೋನಿನ ಪರದೆಯನ್ನು ಮತ್ತೆ ಮತ್ತೆ ಒರೆಸಿ ನೋಡುತ್ತಿದ್ದಳು.

"ಬರಬೇಕಾಗಿತ್ತಲ್ರಿ ಮೇಡಂ… ಹೋತು."

"ಏನು ಹೋತು?"

ಫೋನನ್ನು ನನ್ನ ಕಡೆ ತಿರುಗಿಸಿದಳು. ಖಾತೆಯಲ್ಲಿ ಒಂದು ಸೀರೆಯ ಕೂಲಿಯಷ್ಟೂ ಉಳಿದಿರಲಿಲ್ಲ.

ಕಂಡಕ್ಟರಿಗೆ ಹೇಳಿ ಮುಂದಿನ ಊರಿನಲ್ಲೇ ಇಳಿದೆವು. ಮಳೆಗೆ ಸಿಗ್ನಲ್ ಇರಲಿಲ್ಲ. ರಸ್ತೆಯ ಆಚೆ ಒಂದು ಗೊಬ್ಬರದ ಅಂಗಡಿಯ ಕಟ್ಟೆ ಹತ್ತಿದಾಗ ಸಿಗ್ನಲ್ಲಿನ ಒಂದು ಗೆರೆ ಬಂತು. ಸೈಬರ್ ವಂಚನೆಯ ಸಹಾಯವಾಣಿಗೆ ಮಾತಾಡುವಾಗ ಕೇಳಿದ ಯಾವುದಕ್ಕೂ ಅವಳು ತಪ್ಪು ಹೇಳಲಿಲ್ಲ. ಆಮೇಲೆ ಪೊಲೀಸ್ ಠಾಣೆ, ಮರುದಿನ ಬ್ಯಾಂಕು. "ಲಗೂನ ತಿಳಿಸೀರಿ, ಛಲೋ ಆತು. ಸಿಕ್ಕರೂ ಸಿಗಬಹುದು" ಎಂದರು ಬ್ಯಾಂಕಿನ ಅಧಿಕಾರಿ. ಎಲ್ಲ ಸರಿಯಾಗುವವರೆಗೆ ಫೋನಿನ ವ್ಯವಹಾರ ನಿಲ್ಲಿಸಿ ಇಡೋಣ ಎಂದು ಅವರೇ ಹೇಳಿದರು.

ಹಿಂದಿನ ರಾತ್ರಿ ಅವಳು ಮನೆಯಲ್ಲಿ ಏನೂ ಹೇಳಿರಲಿಲ್ಲ; ಈಗ ಹೇಳುವಾಗ ಜೊತೆಗಿರಿ ಎಂದು ನನ್ನನ್ನು ಕೇಳಿಕೊಂಡಳು. ಹಿರೇಬೆಂಡಿಗೇರಿ ಮುಟ್ಟಿದಾಗ ಸಂಜೆಯಾಗಿತ್ತು. ಶಾಂತವ್ವ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಳು. ವಿಷಯ ಕೇಳಿ ತಂಬಿಗೆ ಹಿಡಿದುಕೊಂಡೇ ನಿಂತಳು.

"ನಾ ಮೊದಲಽ ಬಡಕೊಂಡ್ನಿ. ಕಣ್ಣಿಗೆ ಕಾಣದ ರೊಕ್ಕ ರೊಕ್ಕಽ ಅಲ್ಲ ಅಂತ. ಆ ಫೋನ್ ಒಗದು ಬಾ ಅತ್ಲಾಗ. ಸಾಕು ಕಾಲೇಜು, ಸಾಕು ಕುಚ್ಚು!"

ಸುಜಾತಾ ಅಳತೊಡಗಿದಳು. ಅಲ್ಲಿಯವರೆಗೆ ಅವಳು ಅತ್ತಿರಲಿಲ್ಲ. ನಾಗಪ್ಪ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದ. ಅಷ್ಟೂ ಹೊತ್ತು ತಲೆ ಎತ್ತಿರಲಿಲ್ಲ. ಈಗ ಹಗ್ಗ ಕೆಳಗಿಟ್ಟ.

"ಶಾಂತಿ, ಸವಣೂರ ಸಂತಿಯೊಳಗ ನನ್ನ ಕಿಸೆ ಕತ್ತರಿಸಿದ್ದು ಮರ್ತೇನು? ಹೋರಿ ಮಾರಿದ ರೊಕ್ಕ ಪೂರಾ ಹೋತು. ಆ ರೊಕ್ಕ ಕಣ್ಣಿಗೆ ಕಾಣತಿತ್ತಲ್ಲ?"

ಶಾಂತವ್ವ ತಂಬಿಗೆ ಕೆಳಗಿಟ್ಟಳು.

"ಮುಂದಿನ ವಾರ ಸಂತಿ ಬಿಟ್ನೇನು? ಅಂಗಿ ಒಳಮಗ್ಗಲಿಗೆ ಕಿಸೆ ಹೊಲಿಸ್ಕೊಂಡು ಮತ್ತ ಹೋದ್ನಿ. ಸಂತಿ ಬಿಟ್ರ ಬದುಕೋದು ಹ್ಯಾಂಗ?" ಮಗಳ ಕಡೆ ತಿರುಗಿ, "ನೀನೂ ಒಳಕಿಸೆ ಹೊಲಕೊಳವಾ. ಅಳಬ್ಯಾಡ" ಎಂದ. ಮತ್ತೆ ಹಗ್ಗ ಕೈಗೆತ್ತಿಕೊಂಡ.

ನನ್ನ ಪುಸ್ತಕಗಳಲ್ಲಿ ನಂಬಿಕೆ, ಅಪಾಯ, ಮುಂದುವರಿಕೆ ಎಂದು ದೊಡ್ಡ ದೊಡ್ಡ ಅಧ್ಯಾಯಗಳಿದ್ದವು. ಆ ಸಂಜೆ ಅವು ಯಾವುವೂ ನೆನಪಾಗಲಿಲ್ಲ. ಶಾಂತವ್ವ ಒಲೆ ಹಚ್ಚಿ, ಇನ್ನೂ ಸಿಟ್ಟಿನಲ್ಲೇ, ನನಗೆ ರೊಟ್ಟಿ ಹಾಕಿಕೊಟ್ಟಳು. ಬಿಸಿ ರೊಟ್ಟಿ, ಪುಂಡಿಪಲ್ಯ. ಉಂಡು ಎದ್ದೆ.

ಒಳಕಿಸೆ ಎಂದರೇನು ಎಂಬುದನ್ನು ಸುಜಾತಾ ಒಂದು ವಾರದಲ್ಲೇ ತೋರಿಸಿದಳು. ನನ್ನ ಪಾಠ ಮುಗಿಯುತ್ತಿದ್ದಂತೆ ಎದ್ದು ನಿಂತು, ಎರಡು ನಿಮಿಷ ಮಾತಾಡಲೇ ಎಂದಳು. ಮೋಸ ಹೋದದ್ದನ್ನು ಏನನ್ನೂ ಮುಚ್ಚಿಡದೆ ಇಡೀ ಕ್ಲಾಸಿಗೆ ಹೇಳಿದಳು. "ರೊಕ್ಕ ಬರಾಕ ಪಿನ್ ಬ್ಯಾಡ. ಪಿನ್ ಹೋಗೂ ರೊಕ್ಕಕ್ಕ ಅಷ್ಟಽ. ಬರೂ ರೊಕ್ಕಕ್ಕ ಪಿನ್ ಕೇಳಿದ್ರ ಅಂವ ಕಳ್ಳ. ನನಗ ಇದು ಗೊತ್ತಿತ್ತು. ಗೊತ್ತಿದ್ರೂ ಒತ್ತಿದ್ನಿ. ಅದಕ್ಕಽ ಹೇಳಾಕತ್ತೇನಿ, ಅವಸರದಾಗ ಒತ್ತಬ್ಯಾಡ್ರಿ."

ಯಾರೋ ಕಿಸಕ್ಕೆಂದರು. ಆಮೇಲೆ ಹಿಂದಿನ ಬೆಂಚಿನಿಂದ ಬಂಕಾಪುರದ ಹುಡುಗನೊಬ್ಬ ಎದ್ದ. ತನಗೂ ಹೀಗೆಯೇ ಆಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ ಎಂದ. ನಗು ನಿಂತಿತು. ಇನ್ನೂ ಇಬ್ಬರು ಎದ್ದರು. ನಾನು ಕೇಳಿದೆ, "ಹಾಗಾದ್ರೆ ಇನ್ನು ಫೋನಿನ ಸಹವಾಸ ಬಿಡ್ತೀರೋ?"

ಎಲ್ಲರೂ ನನ್ನನ್ನು ವಿಚಿತ್ರವಾಗಿ ನೋಡಿದರು. ಹೊಳೆಯಲ್ಲಿ ಒಬ್ಬ ಜಾರಿದ ಎಂದು ಊರೆಲ್ಲ ನೀರು ಕುಡಿಯುವುದು ಬಿಡುತ್ತದೆಯೇ ಎಂಬಂತಿತ್ತು ಆ ನೋಟ. ಅಂದಿನಿಂದ ಆ ಮಕ್ಕಳೇ ಸಂಜೆ ಬಸ್ ಕಾಯುವ ಹೊತ್ತಿನಲ್ಲಿ ಸಂತೆಯ ಹೆಂಗಸರಿಗೆ, ಆಟೋದವರಿಗೆ ಇದನ್ನು ಹೇಳತೊಡಗಿದರು. ಯಾರೂ ಅವರಿಗೆ ಹೇಳಿ ಎಂದಿರಲಿಲ್ಲ.

ಫೋನಿನ ವ್ಯವಹಾರ ನಿಂತ ಆ ದಿನಗಳಲ್ಲಿ ಸುಜಾತಾ ರೊಕ್ಕವನ್ನು ಕೈಯಲ್ಲೇ ತೆಗೆದುಕೊಳ್ಳಬೇಕಾಯಿತು. ಪದ್ಮತ್ತೆ ಮತ್ತೊಂದು ಸೀರೆ ಕೊಟ್ಟಿದ್ದಳು. ಅದನ್ನು ತಂದ ದಿನ ಪಡುವಣ ಗಾಳಿಯ ಮಳೆ. ಕಟ್ಟೆಯ ಮೇಲೆಲ್ಲ ಇರಿಚಲು ಹೊಡೆದು ನೀರು ಹರಿಯುತ್ತಿತ್ತು. ಸುಜಾತಾ ಸೀರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಾನು ಪೂರಾ ತೊಯ್ದುಕೊಂಡು ಬಂದಿದ್ದಳು. ಬಸ್ಸಿನಲ್ಲಾದದ್ದನ್ನು ನಾನು ಮನೆಯಲ್ಲಿ ಹೇಳಿದ್ದೆ. ಪದ್ಮತ್ತೆ ನೋಟುಗಳನ್ನು ಹಿಡಿದು ಹೊರಗೆ ಬಂದಳು, ಕಟ್ಟೆ ನೋಡಿದಳು. ಒಂದು ಕ್ಷಣ ನಿಂತಳು. ಆಮೇಲೆ ಸುಜಾತಾಳ ಅಂಗೈ ಹಿಡಿದು, ಅದರೊಳಗೆ ನೋಟು ಇಟ್ಟು, ಬೆರಳು ಮಡಿಸಿದಳು.

"ಒಳಗ ಬಾ. ತೊಯಿಸಿಕೊಂಡು ನಿಂತರ ಜ್ವರಾ ಬರ್ತಾವ. ಕಷ್ಟಪಟ್ಟು ದುಡಿದಿದ್ದು ಹೋತಂತ ಕೇಳಿದೆ. ಹಾಳಾಗಿ ಹೋಗ್ಲಿ ಅಂವಾ."

ಸುಜಾತಾ ಒಳಗೆ ಬಂದು ನಡುಮನೆಯಲ್ಲಿ ಕುಳಿತು ಚಾ ಕುಡಿದಳು. ಮಳೆ ಕಡಿಮೆಯಾದ ಮೇಲೆ ಅವಳನ್ನು ಬಿಡಲು ಹೊರಟೆ. ತಡೆಯಲಾಗದೆ ಕೇಳಿಯೇಬಿಟ್ಟೆ.

"ಸುಜಾತಾ, ಖಾತೆ ಸರಿಯಾದ ಮೇಲೆ ಏನು ಮಾಡ್ತಿ? ಕೈಯಾಗ ತಗೋತಿಯೋ, ಫೋನಿಗೋ?"

"ಫೋನಿಗಽ ರಿ."

"ಇವತ್ತು ಹೀಂಗ ಆದ್ಮ್ಯಾಲೂ?"

ಅವಳು ನಕ್ಕಳು. "ಅಮ್ಮಾರು ಕೈ ಹಿಡದದ್ದು ನನಗೂ ಖುಷಿ ಆತ್ರಿ. ಆದ್ರ ಎಲ್ಲಾರ ಕಟ್ಟಿ ಮ್ಯಾಲೂ ಮಳಿ ಬರಂಗಿಲ್ಲಲ್ರಿ ಮೇಡಂ."

ಕಟ್ಟೆ ಒದ್ದೆಯಾಗಿತ್ತು ಎಂದು ಪದ್ಮತ್ತೆ ಹಾಗೆ ಮಾಡಿದಳೋ, ಮನಸ್ಸು ಕರಗಿತೋ, ನಾನು ಎಂದೂ ಕೇಳಲಿಲ್ಲ. ಆದರೆ ಶ್ರಾವಣ ಮುಗಿಯುವ ಮುನ್ನ ಅವಳು ನನ್ನಿಂದ ಫೋನಿನಲ್ಲಿ ರೊಕ್ಕ ಹಾಕುವುದನ್ನು ಕಲಿತಳು. ಕನ್ನಡಕ ಏರಿಸಿಕೊಂಡು, ಒಂದೊಂದು ಅಂಕೆಯನ್ನೂ ಬಾಯಲ್ಲಿ ಹೇಳುತ್ತ ಒತ್ತುತ್ತಿದ್ದಳು. ಪಿನ್ನನ್ನೂ ಗಟ್ಟಿಯಾಗಿ ಹೇಳುತ್ತಿದ್ದಳು. ಅದನ್ನು ಬಿಡಿಸಲು ಒಂದು ತಿಂಗಳು ಹಿಡಿಯಿತು. ಬೇರೆಯವರ ಕಟ್ಟೆಗಳ ಮಾತು ನನಗೆ ಗೊತ್ತಿಲ್ಲ. ನಮ್ಮ ಮನೆಗೆ ಸುಜಾತಾ ಬಂದಾಗಲೆಲ್ಲ ಆಮೇಲೆ ಒಳಗೇ ಕೂಡುತ್ತಿದ್ದಳು.

ದಸರೆಯ ಬನ್ನಿ ಹಬ್ಬದ ಹೊತ್ತಿಗೆ ಮಳೆ ಹಿಂದೆ ಸರಿದು, ಗೋವಿನಜೋಳದ ತೆನೆ ಬಲಿತು, ಹತ್ತಿಯ ಗಿಡಗಳಲ್ಲಿ ಹಳದಿ ಹೂವು ನಿಂತಿತ್ತು. ಬ್ಯಾಂಕಿನಿಂದ ಕರೆ ಬಂತು. ಮೋಸಗಾರರು ರೊಕ್ಕವನ್ನು ಸಾಗಿಸಿದ್ದ ಇನ್ನೊಂದು ಖಾತೆಯಲ್ಲೇ ಹೆಚ್ಚಿನ ಪಾಲನ್ನು ತಡೆಹಿಡಿದಿದ್ದರಂತೆ. ಅದು ಸುಜಾತಾಳ ಖಾತೆಗೆ ಮರಳಿತು, ಫೋನಿನ ವ್ಯವಹಾರವೂ ಮತ್ತೆ ಶುರುವಾಯಿತು. ಉಳಿದದ್ದು ಹೋದದ್ದೇ. ಆ ಕೊರತೆಯನ್ನು ಅವಳು ಮತ್ತೆ ಕುಚ್ಚು ಕಟ್ಟಿ ತುಂಬಿದಳು.

ದೀಪಾವಳಿಗೆ ಮೊದಲಿನ ಶನಿವಾರ ಶಿಗ್ಗಾವಿಯ ಪೇಟೆಯಲ್ಲಿ ಮಷಿನ್ ಅಂಗಡಿಗೆ ಹೋದೆವು. ಸುಜಾತಾ ನನ್ನನ್ನೂ ಕರೆದಿದ್ದಳು. ಅಪ್ಪ ಅವ್ವ ಇಬ್ಬರೂ ಬಂದಿದ್ದರು. ಶಾಂತವ್ವ ಇಳಕಲ್ ಸೀರೆ ಉಟ್ಟು, ಇನ್ನೂ ಅಪನಂಬಿಕೆಯ ಮುಖದಲ್ಲೇ, ಅಂಗಡಿಯ ಬಾಗಿಲಿಗೆ ಆತು ನಿಂತಿದ್ದಳು. ಅಂಗಡಿಯವರು ಮಷಿನಿಗೆ ದಾರ ಪೋಣಿಸಿ ಓಡಿಸಿ ತೋರಿಸಿದರು. ನಾಗಪ್ಪ ಬೆಲೆಯಲ್ಲಿ ಚೌಕಾಸಿ ಮಾಡಿ ಎಣ್ಣೆಯ ಡಬ್ಬಿಯೊಂದನ್ನು ಬಿಟ್ಟಿಯಾಗಿ ಹಾಕಿಸಿಕೊಂಡ.

ಸುಜಾತಾ ಫೋನು ತೆಗೆದಳು. ಪರದೆಯ ಮೇಲೆ ಬಂದ ಅಂಗಡಿಯ ಹೆಸರನ್ನು ಗಟ್ಟಿಯಾಗಿ ಓದಿ, "ಇದಽ ಹೌದಲ್ರಿ?" ಎಂದು ಮಾಲೀಕರನ್ನು ಕೇಳಿದಳು. ಮೊತ್ತವನ್ನು ಓದಿದಳು. ಬೆರಳು ಒಂದಿಷ್ಟು ತಡೆದು ನಿಂತಿತು. ಅವಳು ಉಸಿರು ಬಿಟ್ಟು, ಅಂಗೈಯಿಂದ ಮರೆಮಾಡಿಕೊಂಡು, ಅವಸರವಿಲ್ಲದೆ ಒತ್ತಿದಳು.

ಗಲ್ಲಾದ ಮೇಲಿನ ಮಾತಾಡುವ ಡಬ್ಬಿ ಇಡೀ ಅಂಗಡಿಗೆ ಕೇಳುವಂತೆ ರೊಕ್ಕ ಬಂದದ್ದನ್ನು ಸಾರಿತು. ಬೇರೆ ಗಿರಾಕಿಗಳು ಅಷ್ಟು ದೊಡ್ಡ ಮೊತ್ತ ಕೇಳಿ ತಿರುಗಿ ನೋಡಿದರು. ಶಾಂತವ್ವ ಬಾಗಿಲು ಬಿಟ್ಟು ಒಳಗೆ ಬಂದಳು.

"ಏನಂತದು?"

"ರೊಕ್ಕ ಮುಟ್ಟೇತಿ ಅಂತವ್ವಾ."

"ಯಾರು ಕೊಟ್ರು ಅಂತ ಹೇಳ್ತೇನು?"

"ಹೆಸರು ಹೇಳಂಗಿಲ್ಲ ಅದು. ರೊಕ್ಕ ಎಷ್ಟು ಅಂತ ಅಷ್ಟಽ ಹೇಳತೈತಿ."

ಶಾಂತವ್ವ ಆ ಡಬ್ಬಿಯನ್ನು ಒಮ್ಮೆ ನೋಡಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ತಿರುಗಿ ನಿಂತಿದ್ದ ಗಿರಾಕಿಗಳ ಕಡೆಗೆ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ಧ್ವನಿಯಲ್ಲಿ ಹೇಳಿದಳು:

"ಕೊಟ್ಟಾಕಿ ನನ್ನ ಮಗಳು ನೋಡ್ರಿ. ಸುಜಾತಾ ಅಂತ ಆಕಿ ಹೆಸರು."